ಗಡಿಸೀಮೆಯ ಆಡುಮಾತು ಮತ್ತು ಅನ್ಯಭಾಷಾ ಬೋಧನ ಸಾಮಗ್ರಿ: ಚಿಕ್ಕೋಡಿ ಪರಿಸರವನ್ನು ಅನುಲಕ್ಷಿಸಿ

ಭಾಷಾಬೋಧನೆಯ ಶಾಸ್ತ್ರವು ಕಲಿಯುವವನಿಗೂ ಭಾಷೆಗೂ ನಡುವೆ ಇರುವ ದೂರವನ್ನು ಆಧರಿಸಿ ಮಾತೃಭಾಷೆ, ದ್ವಿತೀಯ ಭಾಷೆ, ವಿದೇಶಿ ಭಾಷೆ ಎಂಬ ವಿಂಗಡಣೆಯನ್ನು ಮಾಡಿಕೊಂಡಿದೆ. ತರಗತಿಯ ಹೊರಗೂ ದಿನನಿತ್ಯ ಕಿವಿಗೆ ಬೀಳುವ ಅನ್ಯಭಾಷೆ ದ್ವಿತೀಯ ಭಾಷೆ. ತರಗತಿಯ ಒಳಗೆ ಮಾತ್ರ ದೊರೆಯುವ ಅನ್ಯಭಾಷೆ ವಿದೇಶಿ ಭಾಷೆ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಈ ವಿಂಗಡಣೆ ಒಂದು ವಿಚಿತ್ರ ಇಕ್ಕಟ್ಟಿಗೆ ಸಿಲುಕುತ್ತದೆ. ಇಲ್ಲಿ ಮರಾಠಿ ಮನೆಮಾತಿನ ಮಗು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಹೊಲದ ಬದುವಿನಲ್ಲಿ ಕೇಳುವ ಕನ್ನಡ ಅದಕ್ಕೆ ನೆರೆಮನೆಯ ಭಾಷೆ. ಅದೇ ಮಗು ಶಾಲೆಯಲ್ಲಿ ಪಠ್ಯಪುಸ್ತಕವನ್ನು ತೆರೆದಾಗ ಎದುರಾಗುವ ಕನ್ನಡ ಮಾತ್ರ ಹೆಚ್ಚುಕಡಿಮೆ ವಿದೇಶಿ ಭಾಷೆ. ಭಾಷೆ ಒಂದೇ, ಮಗುವೂ ಒಂದೇ. ಬದಲಾದದ್ದು ಬೋಧನ ಸಾಮಗ್ರಿ ಮತ್ತು ಸಂವಹನದ ಸಂದರ್ಭ. ಬಾಯಲ್ಲಿ ಆಗಲೇ ನೆಲೆಸಿರುವ ಭಾಷೆಯನ್ನು ಬೋಧನ ಸಾಮಗ್ರಿಯು ಏಕೆ ಗುರುತಿಸಲಾರದಾಗಿದೆ, ಗುರುತಿಸುವುದಾದರೆ ಜಾನಪದವು ಅದಕ್ಕೆ ಏನನ್ನು ಒದಗಿಸಬಲ್ಲದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲಿನಲ್ಲಿ ಹಬ್ಬಿರುವ ಈ ಸೀಮೆಯ ಆಚೆ ಮಹಾರಾಷ್ಟ್ರದ ಕಾಗಲ, ಶಿರೋಳ, ಮಿರಜ, ಜತ್ತ ತಾಲೂಕುಗಳಿವೆ. ಸ್ವಾತಂತ್ರ್ಯಪೂರ್ವದಲ್ಲಿ ಇಲ್ಲಿಯ ಹಳ್ಳಿಗಳು ಬ್ರಿಟಿಷ್ ಆಡಳಿತದ ಬೆಳಗಾವಿ ಜಿಲ್ಲೆಗೂ ಕೊಲ್ಲಾಪುರವೇ ಮೊದಲಾದ ಸಂಸ್ಥಾನಗಳಿಗೂ ಹಂಚಿಹೋಗಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ನಿಪ್ಪಾಣಿ ಮತ್ತು ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದದ್ದು ಈಚಿನ ಸಂಗತಿ. ಅದಕ್ಕೆ ಮೊದಲು ನಿಪ್ಪಾಣಿ ಚಿಕ್ಕೋಡಿಯ, ಕಾಗವಾಡ ಅಥಣಿಯ ಭಾಗವಾಗಿದ್ದವು. ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಈ ಐದೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳೊಡನೆ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ನಡೆಯುತ್ತವೆ.

ಆಡಳಿತದ ಗಡಿ ಸ್ಥಿರವಾದಂತೆ ಭಾಷೆಯ ಗಡಿ ಸ್ಥಿರವಾಗಲಿಲ್ಲ. ಈ ಸೀಮೆಯ ಬದುಕು ಎರಡೂ ಬದಿಯನ್ನು ಬಳಸಿಕೊಂಡೇ ನಡೆದಿದೆ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಆ.ನೇ. ಉಪಾಧ್ಯೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಪ್ರಾಕೃತ ವಿದ್ವಾಂಸರಾಗಿ ಖ್ಯಾತರಾದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಇಂದಿನ ಕಾಗವಾಡ ತಾಲೂಕಿನ ಶೇಡಬಾಳದವರಾದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಈ ಭಾಗದ ಒಕ್ಕಲುತನದ ಬದುಕನ್ನು ಇಲ್ಲಿಯದೇ ಆಡುಮಾತಿನ ಸೊಗಡಿನೊಡನೆ ಕನ್ನಡಕ್ಕೆ ತಂದರು. ಸೀಮೆಯ ಆಚೆಗೆ ನೋಡುವುದಾದರೆ ದ.ರಾ. ಬೇಂದ್ರೆಯವರ ಮನೆಮಾತು ಮರಾಠಿಯಾಗಿತ್ತೆಂಬುದು ಸರ್ವವಿದಿತ. ಎರಡು ಭಾಷೆಗಳಲ್ಲಿ ಬಾಳುವುದು ಇಲ್ಲಿ ಅಪವಾದವಲ್ಲ, ವಾಡಿಕೆ.

ಮಾತಿನಲ್ಲಿ ಕಲಿತ ಭಾಷೆ

ಈ ದ್ವಿಭಾಷಿಕತೆ ಯಾವ ಪುಸ್ತಕದಿಂದಲೂ ಬಂದುದಲ್ಲ. ಅಥಣಿ, ರಾಯಬಾಗ ಭಾಗದ ಅರಿಸಿನ ಬೆಳೆಗಾರನಿಗೆ ಸಾಂಗಲಿಯ ಪೇಟೆಯೊಡನೆ, ಬೆಲ್ಲದ ಬೆಳೆಗಾರನಿಗೆ ಕೊಲ್ಲಾಪುರದ ಪೇಟೆಯೊಡನೆ ಸಂಬಂಧವಿದೆ. ಅಲ್ಲಿ ಅಡತಿಯ ಅಂಗಡಿ, ದಲಾಲಿ, ಹಮಾಲಿ, ತೂಕ, ಪಟ್ಟಿ ಇವೆಲ್ಲವುಗಳ ಮಾತು ಮರಾಠಿಯಲ್ಲಿ ನಡೆಯುತ್ತದೆ. ಭಾಷೆ ತಿಳಿಯದವನಿಗೆ ಅಲ್ಲಿ ಆಗುವ ನಷ್ಟ ಅಂಕಪಟ್ಟಿಯಲ್ಲಿ ಅಲ್ಲ, ರೊಕ್ಕದಲ್ಲಿ ಆಗುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿಯೂ ಬೀಡಿ ಕಟ್ಟುವ ಹೆಂಗಸರ ನಡುವೆಯೂ ಎರಡು ಭಾಷೆಗಳು ಒಂದೇ ಮಾತಿನ ಹೆಣಿಗೆಯಲ್ಲಿ ಸಾಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಮರಾಠವಾಡೆಯ ಕಡೆಯಿಂದ ಕಬ್ಬು ಕಡಿಯುವ ತಂಡಗಳು ಬರುತ್ತವೆ. ಅವರೊಡನೆ ಬರುವ ಮಕ್ಕಳು ಕೆಲವು ತಿಂಗಳು ಈ ನೆಲದಲ್ಲಿಯೇ ಉಳಿಯುತ್ತಾರೆ. ಮಿರಜದ ಆಸ್ಪತ್ರೆಗಳಿಗೆ ಚಿಕಿತ್ಸೆಗೆಂದು ಹೋಗುವ ಈ ಭಾಗದ ಕನ್ನಡಿಗರಿಗೆ ನೋವು ಎಲ್ಲಿದೆ, ಎಂದಿನಿಂದ ಇದೆ, ಎಂಥದು ಎಂಬುದನ್ನು ಮತ್ತೊಂದು ಭಾಷೆಯಲ್ಲಿ ತಿಳಿಸುವ ಅಗತ್ಯ ಬೀಳುತ್ತದೆ. ಮಿರಜದಿಂದ ಲೋಂಡಾಕ್ಕೆ ಹೋಗುವ ರೈಲುಮಾರ್ಗ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಆ ಮಾರ್ಗದ ಗಾಡಿಯ ಒಂದು ಡಬ್ಬಿಯೂ ಭಾಷಾ ತರಗತಿಯೇ ಸರಿ.

ಧಾರ್ಮಿಕ ಜೀವನವೂ ಇದೇ ರೀತಿಯದು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಘಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಅಪಾರ ಸಂಖ್ಯೆಯ ಭಕ್ತರು ಬರುತ್ತಾರೆ. ಈ ಸೀಮೆಯವರು ಪಂಢರಪುರಕ್ಕೆ ಹೋಗುತ್ತಾರೆ. ಕೊಲ್ಲಾಪುರದ ಕಡೆಯವರು ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುತ್ತಾರೆ. ಕುರುಬರ ಹಾಲುಮತ ಸಂಪ್ರದಾಯದ ಬೀರದೇವರೂ ಧನಗರರ ಬಿರೋಬನೂ ಒಂದೇ ದೈವದ ಎರಡು ಹೆಸರುಗಳು. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ದಖ್ಖನಿನ ಪಶುಪಾಲಕರ ದೈವಗಳ ಅಧ್ಯಯನದಲ್ಲಿ ಈ ಕೊಳುಕೊಡೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹಾಡಿನ ಕ್ಷೇತ್ರದಲ್ಲಿ ಕನ್ನಡದ ಹರದೇಶಿ ಮತ್ತು ನಾಗೇಶಿ ಲಾವಣಿಗಳ ವಾದಪರಂಪರೆಯು ಮರಾಠಿಯ ಕಲಗಿ ಮತ್ತು ತುರಾ ಪಂಥಗಳ ಒಡನಾಡಿ. ಎರಡರಲ್ಲಿಯೂ ಒಂದು ತಂಡ ಪ್ರಶ್ನೆಯನ್ನೊಡ್ಡುತ್ತದೆ, ಇನ್ನೊಂದು ತಂಡ ಉತ್ತರಿಸಬೇಕಾಗುತ್ತದೆ.

ಈ ಎಲ್ಲ ಸಂದರ್ಭಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಕಲಿಯುವವನ ಎದುರಿಗೆ ಒಬ್ಬ ವ್ಯಕ್ತಿಯಿದ್ದಾನೆ. ಇಬ್ಬರ ನಡುವೆ ಒಂದು ಕೆಲಸವಿದೆ. ಮಾತು ಸರಿಯಾದರೆ ಕೆಲಸ ಆಗುತ್ತದೆ, ತಪ್ಪಿದರೆ ಅಲ್ಲಿಯೇ ಗೊತ್ತಾಗುತ್ತದೆ. ತಿದ್ದುಪಡಿ ಕೆಂಪು ಶಾಯಿಯಲ್ಲಿ ಬರುವುದಿಲ್ಲ, ಎದುರಿನವನ ಮರುಪ್ರಶ್ನೆಯಲ್ಲಿ ಬರುತ್ತದೆ.

ವ್ಯಾಕರಣದ ನೆರೆಹೊರೆ

ಈ ಪರಿಸರದ ಭಾಷೆಗಳ ಬಗೆಗೆ ಜಗತ್ತಿನ ಭಾಷಾವಿಜ್ಞಾನಿಗಳ ಗಮನ ಸೆಳೆದ ಅಧ್ಯಯನ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರದು. ಕರ್ನಾಟಕದ ಗಡಿಗೆ ಸಮೀಪದಲ್ಲಿ, ಸಾಂಗಲಿ ಜಿಲ್ಲೆಯಲ್ಲಿರುವ, ಅವರು ಕುಪ್ವಾರ್ ಎಂದು ಕರೆದ ಸುಮಾರು 3000 ಜನವಸತಿಯ ಹಳ್ಳಿಯೊಂದನ್ನು ಕುರಿತ ಅವರ ಪ್ರಬಂಧ 1971ರಲ್ಲಿ ಡೆಲ್ ಹೈಮ್ಸ್ ಸಂಪಾದಿಸಿದ ಸಂಪುಟದಲ್ಲಿ ಪ್ರಕಟವಾಯಿತು. ಅಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಹಗ್ಗ ಹೊಸೆಯುವ ಸಮುದಾಯದವರು ತೆಲುಗನ್ನು, ದಲಿತರೇ ಮೊದಲಾದವರು ಮರಾಠಿಯನ್ನು ಮನೆಮಾತಾಗಿ ಉಳಿಸಿಕೊಂಡಿದ್ದರು. ಬೇರೆ ಬೇರೆ ಮನೆಮಾತಿನವರು ಪರಸ್ಪರ ವ್ಯವಹರಿಸುವಾಗ ಮರಾಠಿ ತಟಸ್ಥ ಭಾಷೆಯಾಗಿ ಒದಗುತ್ತಿತ್ತು. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಒಂದನ್ನೊಂದು ಎಷ್ಟು ಸಮೀಪಿಸಿತ್ತೆಂದರೆ, ಒಂದು ಭಾಷೆಯ ವಾಕ್ಯದಲ್ಲಿ ಪದದ ಸ್ಥಾನದಲ್ಲಿ ಪದವನ್ನೂ ಪ್ರತ್ಯಯದ ಸ್ಥಾನದಲ್ಲಿ ಪ್ರತ್ಯಯವನ್ನೂ ಬದಲಿಸುತ್ತ ಹೋದರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧವಾಗುತ್ತಿತ್ತು ಎಂಬುದು ಅವರ ಮುಖ್ಯ ಶೋಧ.

ಚಿಕ್ಕೋಡಿ ಸೀಮೆಯ ಮಾತನ್ನು ಕಿವಿಗೊಟ್ಟು ಕೇಳಿದರೆ ಇದರ ಸತ್ಯ ಮನವರಿಕೆಯಾಗುತ್ತದೆ. ‘ಬಾಜಾರಕ್ಕ ಹೋಗಿ ಉಳ್ಳಾಗಡ್ಡಿ ತಗೊಂಡ ಬಂದ್ನಿ’ ಎಂಬುದು ಇಲ್ಲಿಯ ಕನ್ನಡ. ‘ಬಾಜಾರಾಲಾ ಜಾಊನ್ ಕಾಂದಾ ಘೇಊನ್ ಆಲೋ’ ಎಂಬುದು ಮರಾಠಿ. ಚತುರ್ಥಿಯ ‘ಕ್ಕ’ ಇದ್ದಲ್ಲಿ ‘ಲಾ’, ‘ಹೋಗಿ’ ಇದ್ದಲ್ಲಿ ‘ಜಾಊನ್’, ‘ತಗೊಂಡ’ ಇದ್ದಲ್ಲಿ ‘ಘೇಊನ್’. ಪದಗಳ ಕ್ರಮ ಒಂದಿಷ್ಟೂ ಕದಲಿಲ್ಲ. ‘ಎಷ್ಟಕ್ಕ ಕೊಡ್ತೀರಿ’ ಎಂಬುದಕ್ಕೆ ‘ಕಿತೀಲಾ ದೇತಾ’, ‘ಬರ್ತೀ ಏನ’ ಎಂಬುದಕ್ಕೆ ‘ಯೇತೋಸ್ ಕಾಯ್’ ಎಂಬ ರೂಪಗಳೂ ಹೀಗೆಯೇ. ಅನ್ಯರ ಮಾತನ್ನು ಅನುವಾದಿಸಿ ಹೇಳುವಾಗ ಕನ್ನಡದ ‘ಅಂತ’ ನಿಲ್ಲುವ ಕಡೆ ಮರಾಠಿಯ ‘ಮ್ಹಣೂನ್’ ನಿಲ್ಲುತ್ತದೆ. ಭಾಷೆ ತಿಳಿದಿದೆ ಎನ್ನುವುದನ್ನು ಹೇಳುವ ಬಗೆಯೂ ಎರಡರಲ್ಲಿ ಒಂದೇ: ‘ನನಗ ಕನ್ನಡ ಬರ್ತೈತಿ’, ‘ಮಲಾ ಕನ್ನಡ ಯೇತಂ’. ಎರಡೂ ಭಾಷೆಗಳಲ್ಲಿ ಭಾಷೆ ಮನುಷ್ಯನ ಬಳಿಗೆ ಬರುತ್ತದೆ.

ಈ ಸಾಮೀಪ್ಯ ಏಕಮುಖವಾದುದಲ್ಲ. ಮರಾಠಿಯ ‘ಅಕ್ಕಾ’, ‘ಅಣ್ಣಾ’, ‘ತೂಪ’, ‘ಅಡಕಿತ್ತಾ’ ಮೊದಲಾದ ಪದಗಳ ಹಿಂದೆ ಕನ್ನಡವಿದೆ. ಇಲ್ಲಿಯ ಕನ್ನಡದ ‘ಶೇಂಗಾ’, ‘ಬಟಾಟಿ’, ‘ಭಾಂಡೆ’, ‘ಗಡಬಡ’ ಮೊದಲಾದವುಗಳ ಹಿಂದೆ ಮರಾಠಿಯಿದೆ. ಶಿಷ್ಟ ಮರಾಠಿಯಲ್ಲಿ ಹೆಣ್ಣುಮಗಳು ತಾನು ಬಂದೆನೆಂಬುದನ್ನು ‘ಆಲೇ’ ಎಂದು ಹೇಳಬೇಕು. ಕೊಲ್ಲಾಪುರದ ಭಾಗದಲ್ಲಿ ಹೆಂಗಸರೂ ‘ಆಲೋ’ ಎಂದೇ ಆಡುವುದುಂಟು. ಕನ್ನಡದ ಉತ್ತಮಪುರುಷ ಕ್ರಿಯಾಪದಕ್ಕೆ ಲಿಂಗಭೇದವಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಭಾಷಾಬೋಧನೆಯ ದೃಷ್ಟಿಯಿಂದ ಇದರ ಅರ್ಥ ಇಷ್ಟು: ಈ ಸೀಮೆಯ ಮರಾಠಿ ಮಗು ಕನ್ನಡ ತರಗತಿಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ವಾಕ್ಯರಚನೆಯ ಬಹುಪಾಲನ್ನು ತನ್ನೊಡನೆ ತಂದಿರುತ್ತದೆ.

ಬೋಧನ ಸಾಮಗ್ರಿಯ ಎರಡು ಪರಂಪರೆಗಳು

ಅನ್ಯಭಾಷೆಯನ್ನು ಕಲಿಸುವ ಪುಸ್ತಕಗಳ ಚರಿತ್ರೆಯನ್ನು ಅವಲೋಕಿಸಿದಾಗ ಒಂದು ವೈಪರೀತ್ಯ ಕಂಡುಬರುತ್ತದೆ. ದೂರದಿಂದ ಬಂದವನಿಗೆ ಆಡುಮಾತಿನ ಪುಸ್ತಕ ದೊರೆಯಿತು. ನೆರೆಯವನಿಗೆ ಅಕ್ಷರಮಾಲೆಯ ಪುಸ್ತಕ ದೊರೆಯಿತು. ಶ್ರೀರಾಮಪುರದ ವಿಲಿಯಂ ಕೇರಿ 1801ರಲ್ಲಿ ಬಂಗಾಳಿಯನ್ನು ಕಲಿಯುವ ಯುರೋಪಿಯನ್ನರಿಗಾಗಿ ‘ಕಥೋಪಕಥನ’ ಎಂಬ ಸಂಭಾಷಣೆಗಳ ಪುಸ್ತಕವನ್ನು ಹೊರತಂದನು. ಅದರಲ್ಲಿ ಸಾಮಾನ್ಯ ಜನರ ಮಾತಿನ ಧಾಟಿಯೇ ಇದ್ದಿತು. 1805ರಲ್ಲಿ ಅವನು ಪ್ರಕಟಿಸಿದ ಮರಾಠಿ ವ್ಯಾಕರಣಕ್ಕೂ ದಿನಬಳಕೆಯ ವಿಷಯಗಳ ಸಂಭಾಷಣೆಗಳು ಅನುಬಂಧವಾಗಿದ್ದವು. 1817ರಲ್ಲಿ ಅವನ ಕನ್ನಡ ವ್ಯಾಕರಣ ಬಂದಿತು. ವ್ಯಾಪಾರ, ಆಡಳಿತ, ಧರ್ಮಪ್ರಸಾರ ಇವುಗಳಲ್ಲಿ ಯಾವುದೇ ಉದ್ದೇಶವಿದ್ದರೂ ಪರದೇಶದ ವಿದ್ಯಾರ್ಥಿಗೆ ಎದುರಿಗಿರುವವನೊಡನೆ ಮಾತನಾಡುವುದೇ ಮೊದಲ ಅಗತ್ಯವೆಂಬುದು ಈ ಗ್ರಂಥಕರ್ತರಿಗೆ ತಿಳಿದಿತ್ತು.

ಇಪ್ಪತ್ತನೆಯ ಶತಮಾನದಲ್ಲಿಯೂ ಈ ಧಾರೆ ಮುಂದುವರಿಯಿತು. ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆಯನ್ನು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಮೂಲಕ ಪ್ರಕಟಿಸಿದರು. ಧಾರವಾಡದ ಕನ್ನಡದ ಸಾಮಾಜಿಕ ಭೇದಗಳನ್ನು ಅಭ್ಯಸಿಸಿದ್ದ ವಿಲಿಯಂ ಮೆಕಾರ್ಮಾಕ್, ಎಂ.ಜಿ. ಕೃಷ್ಣಮೂರ್ತಿಯವರ ಸಹಯೋಗದಲ್ಲಿ 1966ರಲ್ಲಿ ಕನ್ನಡದ ಮಾತಿನ ಶೈಲಿಗಳನ್ನು ಸಾಂಸ್ಕೃತಿಕ ಹಿನ್ನೆಲೆಯೊಡನೆ ಪರಿಚಯಿಸುವ ಪಠ್ಯವನ್ನು ಅಮೆರಿಕದ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದರು. ಯು.ಪಿ. ಉಪಾಧ್ಯಾಯ ಮತ್ತು ಎನ್.ಡಿ. ಕೃಷ್ಣಮೂರ್ತಿಯವರ ಸಂಭಾಷಣ ಕನ್ನಡದ ಪುಸ್ತಕವೂ, 1983ರಲ್ಲಿ ಹೆರಾಲ್ಡ್ ಶಿಫ್‌ಮನ್ನರ ಆಡುಗನ್ನಡದ ಆಕರ ವ್ಯಾಕರಣವೂ ಇದೇ ಮಾರ್ಗದವು. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಭಾಷಾ ಕೇಂದ್ರಗಳು ಬೇರೆ ರಾಜ್ಯಗಳ ಶಿಕ್ಷಕರಿಗೆ ಮೈಸೂರಿನಲ್ಲಿ ಕನ್ನಡವನ್ನೂ ಪುಣೆಯಲ್ಲಿ ಮರಾಠಿಯನ್ನೂ ಕಲಿಸುತ್ತ ಬಂದಿವೆ.

ಗಡಿಸೀಮೆಯ ಶಾಲೆಯ ಪಠ್ಯಪುಸ್ತಕದ ಹಾದಿ ಬೇರೆ. ಸಂವಿಧಾನದ 350ಎ ಅನುಚ್ಛೇದವು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ನೀಡುವ ಸೌಕರ್ಯವನ್ನು ನಿರ್ದೇಶಿಸುತ್ತದೆ. ಕನ್ನಡ ಭಾಷಾ ಕಲಿಕಾ ಅಧಿನಿಯಮ 2015, ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಮಹಾರಾಷ್ಟ್ರವೂ 2020ರಲ್ಲಿ ಮರಾಠಿಯನ್ನು ಕುರಿತು ಇಂತಹುದೇ ಕಾಯಿದೆಯನ್ನು ಮಾಡಿತು. ಹೀಗಾಗಿ ಚಿಕ್ಕೋಡಿಯ ಮರಾಠಿ ಮಾಧ್ಯಮದ ಮಗುವೂ ಜತ್ತ, ಅಕ್ಕಲಕೋಟೆಗಳ ಕನ್ನಡ ಮಾಧ್ಯಮದ ಮಗುವೂ ಒಂದೇ ಸಮಸ್ಯೆಯ ಎರಡು ಮುಖಗಳಾಗಿ ನಿಂತಿವೆ. ಕಾಯಿದೆಯು ಯಾವ ಭಾಷೆಯನ್ನು ಕಲಿಸಬೇಕೆಂಬುದನ್ನು ಹೇಳುತ್ತದೆ. ಆ ಭಾಷೆಯ ಯಾವ ರೂಪದಿಂದ ಆರಂಭಿಸಬೇಕೆಂಬುದನ್ನು ಹೇಳಬೇಕಾದುದು ಬೋಧನ ಸಾಮಗ್ರಿ.

ತರಗತಿಯಲ್ಲಿ ಪರಕೀಯವಾಗುವ ಕನ್ನಡ

ರಾಜ್ಯಕ್ಕೆಲ್ಲ ಒಂದೇ ಆಗಿರುವ ಪಠ್ಯಪುಸ್ತಕ ಗ್ರಾಂಥಿಕ ಕನ್ನಡವನ್ನು ಆಶ್ರಯಿಸುವುದು ಸಹಜ. ಆದರೆ ಅದರ ಪರಿಣಾಮವನ್ನು ಸೂಕ್ಷ್ಮವಾಗಿ ನೋಡಬೇಕು. ಸಂತೆಯಲ್ಲಿ ‘ಉಳ್ಳಾಗಡ್ಡಿ’, ‘ಬಟಾಟಿ’, ‘ಶೇಂಗಾ’ ಎಂಬ ಪದಗಳನ್ನು ಮಗು ಬಲ್ಲದು. ಇವುಗಳಲ್ಲಿ ಕೊನೆಯ ಎರಡು ಪದಗಳು ಅದರ ಮನೆಮಾತಿನಲ್ಲಿಯೂ ಇವೆ. ಗ್ರಾಂಥಿಕ ಭಾಷೆಯ ‘ಈರುಳ್ಳಿ’, ‘ಆಲೂಗಡ್ಡೆ’, ‘ಕಡಲೆಕಾಯಿ’ ಎಂಬ ಪದಗಳು ಎದುರಾದಾಗ, ತನಗೆ ಗೊತ್ತಿದ್ದುದು ಕನ್ನಡವಲ್ಲವೇನೋ ಎಂಬ ಸಂದೇಹ ಅದಕ್ಕೆ ಉಂಟಾಗುತ್ತದೆ. ‘ಬರ್ರಿ’, ‘ಕುಂದರ್ರಿ’ ಎಂದು ಮರ್ಯಾದೆಯಿಂದ ಮಾತನಾಡಬಲ್ಲ ಮಗುವಿಗೆ ‘ಬನ್ನಿ’, ‘ಕುಳಿತುಕೊಳ್ಳಿ’ ಎಂಬ ರೂಪಗಳನ್ನು ಹೊಸದಾಗಿ ಕಲಿಸಲಾಗುತ್ತದೆ. ಮೊದಲಿನವು ತಪ್ಪೆಂಬ ಭಾವನೆ ಹೇಳದೆಯೇ ಬೆಳೆಯುತ್ತದೆ. ಎರಡು ಭಾಷೆಗಳ ನಡುವೆ ಸೇತುವೆಯಾಗಿದ್ದ ಪದಗಳೇ ಪುಸ್ತಕದಿಂದ ಹೊರಗುಳಿಯುತ್ತವೆ. ಈ ಇಕ್ಕಟ್ಟು ಕನ್ನಡ ಮನೆಮಾತಿನ ಮಗುವಿಗೂ ತಪ್ಪಿದ್ದಲ್ಲ. ಆದರೆ ಅದಕ್ಕೆ ಮನೆಯ ಆಸರೆಯಿದೆ, ಮರಾಠಿ ಮಗುವಿಗೆ ಅದಿಲ್ಲ.

ಮತ್ತೊಂದೆಡೆ, ನಿಜವಾಗಿ ಕಲಿಸಬೇಕಾದ ಅಂಶಗಳು ಎಲ್ಲ ಮಕ್ಕಳಿಗೂ ಬರೆದ ಸಾಮಾನ್ಯ ಪಾಠದಲ್ಲಿ ಮರೆಯಾಗುತ್ತವೆ. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಸ್ವರಗಳು. ಮರಾಠಿಯ ಬಾಲಬೋಧ ಲಿಪಿಯಲ್ಲಿ ಈ ಭೇದವಿಲ್ಲ. ಆದುದರಿಂದ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಇವುಗಳ ವ್ಯತ್ಯಾಸ ಮರಾಠಿ ಮಗುವಿಗೆ ವಿಶೇಷ ಅಭ್ಯಾಸವನ್ನು ಬೇಡುತ್ತದೆ. ಮರಾಠಿಯನ್ನು ಕಲಿಯುವ ಕನ್ನಡದ ಮಗುವಿಗೆ ಚಕಾರ, ಜಕಾರಗಳ ಎರಡೆರಡು ಉಚ್ಚಾರಣೆಗಳು, ನಿರ್ಜೀವ ವಸ್ತುಗಳಿಗೂ ಇರುವ ಲಿಂಗಭೇದ, ಭೂತಕಾಲದಲ್ಲಿ ಕರ್ಮಪದದ ಲಿಂಗವನ್ನು ಅನುಸರಿಸುವ ಕ್ರಿಯಾಪದ ಇವು ತೊಡಕಿನವು. ಮಾವಿನ ಹಣ್ಣನ್ನು ತಿಂದರೆ ‘ಖಾಲ್ಲಾ’, ಹೋಳಿಗೆಯನ್ನು ತಿಂದರೆ ‘ಖಾಲ್ಲೀ’ ಎನ್ನಬೇಕಾದ ನಿಯಮ ಕನ್ನಡದ ಕಿವಿಗೆ ಸುಲಭವಾಗಿ ಒಗ್ಗುವುದಿಲ್ಲ. ಸಾಮ್ಯವಿರುವ ಕಡೆ ಶ್ರಮವನ್ನು ಉಳಿಸಿ, ಭೇದವಿರುವ ಕಡೆ ಶ್ರಮವನ್ನು ವ್ಯಯಿಸುವುದು ಒಳ್ಳೆಯ ಸಾಮಗ್ರಿಯ ಲಕ್ಷಣ. ಎಲ್ಲವನ್ನೂ ಸಮನಾಗಿ ಹೊಸದೆಂದು ಭಾವಿಸುವ ಪುಸ್ತಕ ಎರಡನ್ನೂ ಸಾಧಿಸಲಾರದು.

ಇದಕ್ಕಿಂತ ಗಂಭೀರವಾದುದು ಮೌಲ್ಯಮಾಪನದ ಪ್ರಶ್ನೆ. ತೂಕದಲ್ಲಿ ಮೋಸವಾಗದಂತೆ ಕನ್ನಡದಲ್ಲಿ ವ್ಯಾಪಾರ ಮಾಡಬಲ್ಲ ಮಗು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು ದುಭಾಷಿಯಾಗಬಲ್ಲ ಮಗು, ಬರವಣಿಗೆಯ ಪರೀಕ್ಷೆಯೊಂದರಿಂದಲೇ ಕನ್ನಡದಲ್ಲಿ ‘ದುರ್ಬಲ’ ಎಂದು ಗುರುತಿಸಲ್ಪಡುವ ಸಾಧ್ಯತೆಯಿದೆ. ಆ ಗುರುತು ಮಗುವಿನ ಸಾಮರ್ಥ್ಯವನ್ನು ಅಳೆಯುವುದಿಲ್ಲ, ಸಾಮಗ್ರಿಯ ಮಿತಿಯನ್ನು ಅಳೆಯುತ್ತದೆ. ಆದರೆ ಅದರ ಭಾರವನ್ನು ಹೊರುವುದು ಮಗು.

ಜಾನಪದದ ಪಾಠಕ್ರಮ

ಸಂವಹನ ಸಾಮರ್ಥ್ಯವೆಂಬ ಪರಿಕಲ್ಪನೆಯನ್ನು 1970ರ ದಶಕದಲ್ಲಿ ಭಾಷಾಬೋಧನೆಗೆ ಒದಗಿಸಿದ ಡೆಲ್ ಹೈಮ್ಸ್ ಸ್ವತಃ ಜಾನಪದ ವಿದ್ವಾಂಸರೂ ಆಗಿದ್ದರೆಂಬುದು ಆಕಸ್ಮಿಕವಲ್ಲ. ವ್ಯಾಕರಣಬದ್ಧವಾದ ವಾಕ್ಯವನ್ನು ರಚಿಸುವುದಷ್ಟೇ ಭಾಷಾಜ್ಞಾನವಲ್ಲ. ಯಾರೊಡನೆ, ಯಾವಾಗ, ಹೇಗೆ ಮಾತನಾಡಬೇಕೆಂಬ ತಿಳಿವಳಿಕೆಯೂ ಭಾಷಾಜ್ಞಾನವೇ ಎಂಬುದು ಅವರ ವಾದದ ತಿರುಳು. ಜನಪದ ಪ್ರಕಾರಗಳು ಕಲಿಸುವುದು ಈ ತಿಳಿವಳಿಕೆಯನ್ನೇ.

ಒಡಪಿನ ನಿದರ್ಶನವನ್ನು ನೋಡಬಹುದು. ಉತ್ತರ ಕರ್ನಾಟಕದಲ್ಲಿ ‘ಒಡಪು’ ಎಂಬ ಪದಕ್ಕೆ ಒಗಟು ಎಂಬ ಅರ್ಥವೂ, ಹೆಣ್ಣುಮಗಳು ಗಂಡನ ಹೆಸರನ್ನು ಪ್ರಾಸಬದ್ಧ ನುಡಿಯಲ್ಲಿ ಅಡಗಿಸಿ ಹೇಳುವ ಪದ್ಯ ಎಂಬ ಅರ್ಥವೂ ಇದೆ. ಮರಾಠಿಯ ‘ಉಖಾಣಾ’ ಎಂಬ ಪದಕ್ಕೂ ಇವೇ ಎರಡು ಅರ್ಥಗಳು. ಮದುವೆ, ಸೀಮಂತ ಮುಂತಾದ ಸಂದರ್ಭಗಳಲ್ಲಿ ಹೆಂಗಸರ ಗುಂಪು ಹೊಸ ಸೊಸೆಯನ್ನು ಹೆಸರು ಹೇಳುವಂತೆ ಒತ್ತಾಯಿಸುತ್ತದೆ, ಹೇಳದೆ ಬಿಡುವಂತಿಲ್ಲ. ಗಡಿಯಾಚೆಯಿಂದ ಬಂದ ಸೊಸೆಗೆ ಗಂಡನ ಮನೆಯ ಭಾಷೆಯಲ್ಲಿ ಹತ್ತು ಜನರೆದುರು ಆಡಿದ ಮೊದಲ ಮಾತು ಇದೇ ಆಗಬಹುದು. ಈ ಪ್ರಕಾರದಲ್ಲಿ ಚೌಕಟ್ಟು ಸಿದ್ಧವಾಗಿರುತ್ತದೆ. ಹೆಸರು, ಪ್ರಾಸ, ಸಂದರ್ಭದ ಒಂದೆರಡು ಪದಗಳು ಬದಲಾಗುತ್ತವೆ. ಭಾಷಾಬೋಧಕರು ರಚನಾಭ್ಯಾಸ ಎಂದು ಕರೆಯುವುದು ಇದನ್ನೇ. ಆದರೆ ಪುಸ್ತಕದ ರಚನಾಭ್ಯಾಸಕ್ಕೆ ಕೇಳುಗರಿಲ್ಲ, ನಗೆಯಿಲ್ಲ, ಮರುಮಾತಿಲ್ಲ. ಒಡಪಿಗೆ ಇವೆಲ್ಲವೂ ಇವೆ.

ಬಂಧುತ್ವದ ಸಂಬೋಧನೆಗಳು ಎರಡನೆಯ ನಿದರ್ಶನ. ಅಕ್ಕ, ಅಣ್ಣ, ಕಾಕಾ, ಮಾಮಾ, ಮಾವಶಿ ಎಂಬ ಪದಗಳು ಈ ಸೀಮೆಯಲ್ಲಿ ಭಾಷೆಯ ಗಡಿಯನ್ನು ದಾಟಿ ಬಳಕೆಯಾಗುತ್ತವೆ. ಅಪರಿಚಿತನನ್ನು ಯಾವ ಪದದಿಂದ ಕರೆದರೆ ಮಾತು ಮುಂದುವರಿಯುತ್ತದೆಂಬುದನ್ನು ಅರಿತವನು ಅರ್ಧ ಭಾಷೆಯನ್ನು ಗೆದ್ದಂತೆ. ಮೂರನೆಯದಾಗಿ ಈ ಭಾಗದಲ್ಲಿ ಜನಪ್ರಿಯವಾದ ಶ್ರೀಕೃಷ್ಣ ಪಾರಿಜಾತವನ್ನು ಪರಿಶೀಲಿಸಬಹುದು. ಅದರ ಹಾಡುಗಳ ಭಾಷೆ ಪ್ರೌಢವಾದುದು. ಹಾಡುಗಳ ನಡುವೆ ಬರುವ ದೂತಿಯ ಮಾತು ಊರಿನ ಆಡುಭಾಷೆ. ಹಾಡಿನಲ್ಲಿ ಬಂದುದನ್ನು ಆಡುಮಾತು ಬಿಡಿಸಿ ಹೇಳುತ್ತದೆ, ಪ್ರಶ್ನಿಸುತ್ತದೆ, ಕೆಣಕುತ್ತದೆ. ಅಕ್ಷರ ಬಾರದ ಪ್ರೇಕ್ಷಕನೂ ರಾತ್ರಿಯಿಡೀ ಕುಳಿತು ಆ ಪ್ರೌಢ ಭಾಷೆಯನ್ನು ಗ್ರಹಿಸುವುದು ಈ ಜೋಡಣೆಯಿಂದ. ಆಡುಮಾತು ಮತ್ತು ಗ್ರಾಂಥಿಕ ಭಾಷೆಗಳಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಕಲಿಸಬೇಕಿಲ್ಲ, ಎರಡನ್ನೂ ಎದುರುಬದುರಾಗಿ ನಿಲ್ಲಿಸಿ ಕಲಿಸಬಹುದೆಂಬುದಕ್ಕೆ ಪಾರಿಜಾತದ ಅಟ್ಟವೇ ಸಾಕ್ಷಿ.

ಆದರೆ ಜನಪದರ ಮಾತೆಲ್ಲವೂ ನಿರ್ದೋಷವೆಂದು ಭಾವಿಸಲಾಗದು. ಕುಪ್ವಾರಿನಲ್ಲಿ ವ್ಯಾಕರಣಗಳು ಒಂದಾದರೂ ಮನೆಮಾತುಗಳು ಒಂದಾಗದೆ ಉಳಿದದ್ದಕ್ಕೆ ಜಾತಿಗಳ ಪ್ರತ್ಯೇಕತೆಯೇ ಕಾರಣವೆಂಬುದನ್ನು ಗಂಪರ್ಜ್ ಮತ್ತು ವಿಲ್ಸನ್ ಗುರುತಿಸಿದ್ದರು. ಸಂತೆಯಲ್ಲಿ ಕೂಡಿದ ಮಾತು ಹೊಸಿಲಿನಲ್ಲಿ ನಿಲ್ಲುತ್ತಿತ್ತು. ಏಕವಚನ, ಬಹುವಚನಗಳ ಬಳಕೆಯಲ್ಲಿ ಯಾರಿಗೆ ಮರ್ಯಾದೆ, ಯಾರಿಗೆ ಇಲ್ಲ ಎಂಬ ಹಳೆಯ ಲೆಕ್ಕಾಚಾರ ಅಡಗಿದೆ. ಗಾದೆಗಳಲ್ಲಿಯೂ ಬೈಗುಳಗಳಲ್ಲಿಯೂ ಜಾತಿನಿಂದೆ, ಸ್ತ್ರೀನಿಂದೆಗಳು ಇವೆ. ಒಡಪು ಕೂಡ ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂಬ ಕಟ್ಟಳೆಯ ಕೂಸು. ಜನಪದ ಸಾಮಗ್ರಿಯನ್ನು ತರಗತಿಗೆ ತರುವವರು ಅದರ ರೂಪವನ್ನು ಸ್ವೀಕರಿಸಿ, ಆಶಯವನ್ನು ಸೋಸಿ ತೆಗೆದುಕೊಳ್ಳಬೇಕಾಗುತ್ತದೆ.

ಸಾಮಗ್ರಿಯ ಸ್ವರೂಪ

ಇಂತಹ ಪ್ರಯತ್ನಕ್ಕೆ ಕರ್ನಾಟಕದಲ್ಲಿಯೇ ಪೂರ್ವನಿದರ್ಶನಗಳಿವೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಯೋಜನೆಯೆಂದು ಹೆಸರಾದ ಪ್ರಯೋಗವು ಇಂಗ್ಲಿಷನ್ನು ವ್ಯಾಕರಣದ ಪಾಠವಾಗಿ ಕಲಿಸದೆ, ನಕಾಶೆಯನ್ನು ಓದುವುದು, ವೇಳಾಪಟ್ಟಿಯನ್ನು ಬಿಡಿಸುವುದು ಮುಂತಾದ ಕಾರ್ಯಗಳ ಮೂಲಕ ಕಲಿಸಿತು. ಅರ್ಥದ ಕಡೆಗೆ ಮನಸ್ಸು ನೆಟ್ಟಾಗ ವ್ಯಾಕರಣ ತಾನಾಗಿ ರೂಢಿಯಾಗುತ್ತದೆ ಎಂಬ ಅವರ ನಿಲುವು ಜಗತ್ತಿನ ಭಾಷಾಬೋಧನೆಯ ಮೇಲೆ ಪ್ರಭಾವ ಬೀರಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿ ಚಟುವಟಿಕೆಯ ಮೂಲಕ ಕಲಿಸುವುದನ್ನು ರಾಜ್ಯದ ಕಿರಿಯ ತರಗತಿಗಳಿಗೆ ಒಯ್ದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಪರಿಗಣಿಸಿತು. ಈ ಎಳೆಗಳನ್ನು ಗಡಿಸೀಮೆಗೆ ಅನ್ವಯಿಸುವುದು ಉಳಿದಿದೆ.

ಅಂತಹ ಸಾಮಗ್ರಿಗೆ ಕೆಲವು ಲಕ್ಷಣಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಅಕ್ಷರಾಭ್ಯಾಸಕ್ಕೆ ಮುನ್ನ ಕೇಳುವ ಮತ್ತು ಆಡುವ ಅವಧಿಯೊಂದು ಇರಬೇಕು. ಸಂತೆ, ಬಸ್ಸು, ದವಾಖಾನೆ, ಜಾತ್ರೆ ಇವು ಅದರ ಪಾಠಗಳಾಗಬೇಕು. ಎರಡನೆಯದಾಗಿ, ಎರಡೂ ಭಾಷೆಗಳಿಗೆ ಸಾಮಾನ್ಯವಾದ ಪದಗಳ ಕೋಶವೊಂದನ್ನು ಈ ಐದು ತಾಲೂಕುಗಳ ಬಳಕೆಯಿಂದಲೇ ಸಂಗ್ರಹಿಸಿ, ಅದನ್ನು ಮೊದಲ ಓದಿನ ಪದಸಂಪತ್ತಾಗಿ ಬಳಸಬೇಕು. ಮೂರನೆಯದಾಗಿ, ‘ಉಳ್ಳಾಗಡ್ಡಿ’ಯ ಪಕ್ಕದಲ್ಲಿಯೇ ‘ಈರುಳ್ಳಿ’ಯನ್ನು, ‘ಬರ್ರಿ’ಯ ಪಕ್ಕದಲ್ಲಿಯೇ ‘ಬನ್ನಿ’ಯನ್ನು ಇಟ್ಟು, ಒಂದು ಮಾತಿನದು, ಇನ್ನೊಂದು ಬರಹದ್ದು ಎಂಬ ತಿಳಿವಳಿಕೆಯನ್ನು ಮೂಡಿಸಬೇಕು. ನಾಲ್ಕನೆಯದಾಗಿ, ಸ್ವರಗಳ ಹ್ರಸ್ವದೀರ್ಘ, ಲಿಂಗಭೇದ ಮುಂತಾದ ನಿಜವಾದ ತೊಡಕುಗಳಿಗೆ ಒಗಟು, ಎಣಿಕೆಯ ಆಟ, ಪ್ರಶ್ನೋತ್ತರದ ಹಾಡು ಇವುಗಳ ಮೂಲಕ ಅಭ್ಯಾಸ ಒದಗಿಸಬೇಕು. ಕೊನೆಯದಾಗಿ, ಮೌಖಿಕ ಸಾಮರ್ಥ್ಯಕ್ಕೆ ಅಂಕಗಳ ರೂಪದಲ್ಲಿ ನಿಜವಾದ ಮನ್ನಣೆ ದೊರೆಯಬೇಕು. ಪರೀಕ್ಷೆಯಲ್ಲಿ ಸ್ಥಾನವಿಲ್ಲದ ಸಾಮರ್ಥ್ಯ ತರಗತಿಯಲ್ಲಿಯೂ ಬಹುಕಾಲ ಸ್ಥಾನವನ್ನು ಉಳಿಸಿಕೊಳ್ಳುವುದಿಲ್ಲ.

ಇದು ಗ್ರಾಂಥಿಕ ಕನ್ನಡವನ್ನು ಬಿಟ್ಟುಕೊಡುವ ವಾದವಲ್ಲ. ಅರ್ಜಿ ಬರೆಯಲು, ಪತ್ರಿಕೆ ಓದಲು, ಉನ್ನತ ಶಿಕ್ಷಣಕ್ಕೆ ಹೋಗಲು, ಕನ್ನಡ ಸಾಹಿತ್ಯವನ್ನು ಪ್ರವೇಶಿಸಲು ಅದು ಬೇಕೇ ಬೇಕು. ಆಡುಮಾತಿನಲ್ಲಿಯೇ ಮಗುವನ್ನು ನಿಲ್ಲಿಸಿಬಿಡುವುದೂ ಒಂದು ಬಗೆಯ ವಂಚನೆಯೇ. ವಾದವಿರುವುದು ಆರಂಭದ ಬಿಂದುವನ್ನು ಕುರಿತು. ಇರುವ ನೆಲದ ಮೇಲೆ ಮೆಟ್ಟಿಲನ್ನು ಕಟ್ಟಬೇಕೇ ಹೊರತು ನೆಲವೇ ಇಲ್ಲವೆಂದು ಭಾವಿಸಿ ಕಟ್ಟಲಾಗದು.

ಚಿಕ್ಕೋಡಿ ಸೀಮೆಯ ದ್ವಿಭಾಷಿಕತೆಯನ್ನು ಶಾಲೆ ಹುಟ್ಟಿಸಿದ್ದಲ್ಲ. ಆದರೆ ಮಕ್ಕಳು ದಿನದ ಬಹುಪಾಲನ್ನು ಶಾಲೆಯಲ್ಲಿಯೇ ಕಳೆಯುವ ಈ ಕಾಲದಲ್ಲಿ ಅದನ್ನು ಬೆಳೆಸುವ ಅಥವಾ ಬಾಡಿಸುವ ಶಕ್ತಿ ಶಾಲೆಗೆ ಬಂದಿದೆ. ಮಾಧ್ಯಮಗಳು ಬೇರೆಯಾಗಿ, ಎರಡೂ ಬದಿಯವರು ಇಂಗ್ಲಿಷಿನ ಕಡೆಗೆ ಮುಖಮಾಡಿರುವಾಗ, ಒಂದೇ ಓಣಿಯ ಮಕ್ಕಳು ಪರಸ್ಪರರ ಭಾಷೆಯನ್ನು ಕಲಿಯದೆ ಬೆಳೆಯುವ ಸಂಭವವಿದೆ. ಶತಮಾನಗಳ ಒಡನಾಟ ಎರಡು ಭಾಷೆಗಳ ವಾಕ್ಯಗಳನ್ನು ಹತ್ತಿರ ತಂದ ನೆಲದಲ್ಲಿ ಹಾಗಾಗುವುದು ಕೇವಲ ಭಾಷೆಯ ನಷ್ಟವಲ್ಲ, ನೆರೆತನದ ನಷ್ಟ. ‘ನನಗ ಕನ್ನಡ ಬರ್ತೈತಿ’ ಎಂದು ಹೇಳಬಲ್ಲ ಮರಾಠಿ ಮಗುವಿನ ಮಾತನ್ನು ಪಠ್ಯಪುಸ್ತಕವು ನಂಬಿ ಮೊದಲ ಪುಟವನ್ನು ಬರೆಯುವುದಾದರೆ, ಉಳಿದ ಪುಟಗಳನ್ನು ಕಲಿಸುವುದು ಶಿಕ್ಷಕರಿಗೆ ಕಷ್ಟವಾಗಲಾರದು.